ಬಣ್ಣದ ವ್ಯಾನಿಗೆ ಕೊಟ್ಟ ಹಾಳೆ

ಎಡಗೈಯಲ್ಲಿ ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ಆದರೂ ಅರವತ್ತಮೂರನೆಯ ವಯಸ್ಸಿನಲ್ಲಿ, ಜಯನಗರದ ನಮ್ಮ ಮನೆಯ ಊಟದ ಮೇಜಿನ ಮುಂದೆ, ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಚಿತ್ರವನ್ನು ಎಡಗೈಯಲ್ಲಿ ನಕಲು ಮಾಡುತ್ತಾ ಕೂತಿದ್ದೆ. ಕಾಫಿ ತಂದ ಹೆಂಡತಿ, "ಇದೇನ್ರೀ, ಕೈಗೇನಾಯ್ತು?" ಎಂದಳು. ಕೈಗೇನೂ ಆಗಿರಲಿಲ್ಲ. ಆಗಿದ್ದೆಲ್ಲ ಮರ್ಯಾದೆಗೆ.

ನಾನು ಡ್ರಾಯಿಂಗ್ ಮೇಷ್ಟ್ರು. ರಿಟೈರಾದ ಮೇಲೆ ಸುಮ್ಮನೆ ಕೂರಲಾರದೆ ಒಂದು ಸಂಸ್ಥೆಯ ವ್ಯಾನು ಹತ್ತಿದೆ. ಹಿಂದಿನ ಸೀಟುಗಳನ್ನು ಕಿತ್ತು, ಬಣ್ಣ, ಬ್ರಷ್ಷು, ಹಾಳೆಗಳನ್ನು ತುಂಬಿಕೊಂಡು, ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಶಾಲೆಗಳಿಗೆ ಹೋಗುವ ವ್ಯಾನು ಅದು. ಬನಶಂಕರಿಯಿಂದ ಬೇಗೂರಿನವರೆಗೆ ಅದರ ಸಂಚಾರ. ಹೋದ ಶಾಲೆಗೆ ಮತ್ತೆ ಹೋಗಲು ಮೂರು ತಿಂಗಳು ಬೇಕು. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವೆಂದರೆ ಕಲೆಯ ಪಾಲಿಗೆ ಉಳಿಯುವುದು ಮುಕ್ಕಾಲು ಗಂಟೆ. ಕೊನೆಗೆ ಮಕ್ಕಳ ಚಿತ್ರಗಳನ್ನೆಲ್ಲ ಒಟ್ಟುಮಾಡಿ ಆಫೀಸಿಗೆ ಒಯ್ಯುವುದು ನಮ್ಮ ಪದ್ಧತಿ. ಅಲ್ಲಿ ಫೋಟೊ ತೆಗೆದು ವರದಿಗೆ ಹಾಕುತ್ತಾರೆ. ಮಕ್ಕಳಿಗೆ ಉಳಿಯುವುದು ಉಗುರಿನ ಸಂದಿಯ ಬಣ್ಣ ಮಾತ್ರ. ಇದರಲ್ಲಿ ಏನೋ ತಪ್ಪಿದೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಬೊಮ್ಮನಹಳ್ಳಿಯ ಶಾಲೆಯಲ್ಲಿ ಪವಿತ್ರ ಎಂಬ ಹುಡುಗಿ ತನ್ನ ಅಮ್ಮನನ್ನು ಬಿಡಿಸಿದ್ದಳು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುವವಳು. ಎರಡು ಭಾರಿ ಕೈಗಳು, ಹಸಿರು ಸೀರೆ, ಮೇಲೆ ಕುತ್ತಿಗೆ. ಅಷ್ಟಕ್ಕೆ ಹಾಳೆ ಮುಗಿದಿತ್ತು. ನಮ್ಮ ಶಿಲ್ಪಶಾಸ್ತ್ರದಲ್ಲಿ ಮುಖವೇ ಅಳತೆಗೋಲು. ಒಂದು ಮುಖದ ಉದ್ದ ಒಂದು ತಾಳ. ದೇವರಿಗೆ ಒಂಬತ್ತು ತಾಳ, ಕುಬ್ಜರಿಗೆ ಅದಕ್ಕಿಂತ ಕಮ್ಮಿ, ಹೀಗೆ. ಈ ಪಾಂಡಿತ್ಯವನ್ನೆಲ್ಲ ಏಳು ವರ್ಷದ ಮಗುವಿನ ಮುಂದೆ ಸುರಿದು, "ಮೊದ್ಲು ತಲೆಗೆ ಜಾಗ ಬಿಟ್ಕೋಬೇಕು ಪುಟ್ಟಿ" ಎಂದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬೆಲ್ ಹೊಡೆಯಿತು. ಹಾಳೆಗೆ ಕೈ ಚಾಚಿದರೆ ಬಿಡಲೊಲ್ಲಳು.

"ಅಮ್ಮಂಗೆ ತೋರಿಸ್ಬೇಕು ಸಾರ್. ಮನೆಗ್ ತಗೊಂಡೋಗ್ಲಾ?"

"ಮುಂದಿನ್ ಸಲ ನಾನೇ ತಂದ್ಕೊಡ್ತೀನಿ."

ಮೂರು ತಿಂಗಳು ಮರೆತಿದ್ದೆ. ಬೊಮ್ಮನಹಳ್ಳಿಯ ಸರದಿ ಬಂದಾಗ ನೆನಪಾಗಿ ಆಫೀಸಿಗೆ ಫೋನ್ ಮಾಡಿದೆ. "ಹಳೇ ಶೀಟೆಲ್ಲ ರದ್ದಿಗೆ ಹೋಯ್ತಲ್ಲ ಸಾರ್. ಫೋಟೊ ಇದೆ, ಕಳಿಸ್ಲಾ?" ಎಂದರು ಅಲ್ಲಿನ ಮೇಡಂ, ಬಹಳ ಸೌಜನ್ಯದಿಂದ.

ಫೋಟೊ ತೋರಿಸಿ, ಕಳೆದುಹೋಯಿತು ಎಂದು ಒಪ್ಪಿಕೊಳ್ಳಬಹುದಿತ್ತು. ಆದರೆ ಮೇಷ್ಟ್ರ ಜಾತಿಗೆ ತಪ್ಪು ಹುಡುಕುವುದು ರೂಢಿ, ಒಪ್ಪಿಕೊಳ್ಳುವುದಲ್ಲ. ಹಾಗಾಗಿ ಫೋಟೊ ಮುಂದಿಟ್ಟುಕೊಂಡು ನಕಲಿಗೆ ಕೂತೆ. ಮಗುವಿನ ಅಂಕುಡೊಂಕು ಗೆರೆ ಬರಲೆಂದೇ ಎಡಗೈ. ಗೆರೆಯೇನೋ ಬಂತು, ಆದರೆ ನಕಲು ಮಾಡುವಾಗಲೂ ತಿದ್ದುವ ಚಟ ಬಿಡಲಿಲ್ಲ. ಮೈಯನ್ನು ಒಂಚೂರು ಕುಗ್ಗಿಸಿ, ಮೇಲೆ ಒಂದು ದುಂಡು ಮುಖ ಕೂರಿಸಿ, ಬೊಟ್ಟಿಟ್ಟೆ. ಪಾಪ, ಅಮ್ಮನಿಗೆ ಒಂದು ತಲೆಯಾದರೂ ಬಂತು ಎಂದು ಖುಷಿಪಟ್ಟೆ.

ಮರುದಿನ ಪವಿತ್ರಳ ಕೈಗೆ ಕೊಟ್ಟೆ. ಅವಳು ಸೀದಾ ಹಾಳೆಯನ್ನು ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ. ಮತ್ತೆ ಮುಂದೆ ನೋಡಿದಳು, ಮತ್ತೆ ಹಿಂದೆ.

"ಇದು ನಂದಲ್ಲ ಸಾರ್."

"ಯಾಕಮ್ಮ?"

"ಜಾಗ ಇರ್ಲಿಲ್ಲ ಅಂತ ತಲೆ ಹಿಂದ್ಗಡೆ ಬರ್ದಿದ್ದೆ. ಅಮ್ಮ ನಗ್ತಾ ಇದ್ಲು." ನನಗೆ ಬೇಜಾರಾಗಬಾರದೆಂದೋ ಏನೋ, "ಇದೂ ಚೆನ್ನಾಗಿದೆ. ನೀವೇ ಇಟ್ಕೊಳ್ಳಿ ಸಾರ್" ಎಂದು ವಾಪಸ್ ಕೊಟ್ಟಳು.

ಆ ನಗುವನ್ನು ನಾನು ನೋಡಲಿಲ್ಲ, ಫೋಟೊ ತೆಗೆದವರು ನೋಡಲಿಲ್ಲ, ಯಾರು ನೋಡಲಿ ಎಂದು ಬರೆದಳೋ ಆ ಅಮ್ಮನೂ ನೋಡಲಿಲ್ಲ. ಹಳೇ ಪೇಪರಿನ ಜೊತೆ ಎಲ್ಲೋ ಹೋಗಿ ಪೊಟ್ಟಣವಾಗಿರಬೇಕು. ಇಷ್ಟು ವರ್ಷದ ಮೇಷ್ಟ್ರಿಕೆಯಲ್ಲಿ ನನಗೆ ಇಷ್ಟು ನಾಚಿಕೆಯಾದದ್ದಿಲ್ಲ.

ಈಗ ಹಾಳೆಗಳನ್ನು ಮಕ್ಕಳಿಗೇ ಬಿಟ್ಟು ಬರುತ್ತೇನೆ. ಫೋಟೊ ನಾನೇ ಫೋನಿನಲ್ಲಿ ತೆಗೆಯುತ್ತೇನೆ, ಪ್ರತಿ ಹಾಳೆಯನ್ನೂ ತಿರುಗಿಸಿ, ಎರಡೆರಡು. ಬಿಳಿ ಹಾಳೆಯ ಫೋಟೊ ಯಾಕೆ ಕಳಿಸುತ್ತೀರಿ ಎಂದು ಮೇಡಂಗೆ ಬೇಸರ. ಹಿಂಬದಿಯಲ್ಲಿ ಇದುವರೆಗೆ ಸಿಕ್ಕಿರುವುದು ಮೂಗೊರೆಸಿದ ಒಂದು ಕಲೆ, ಅಷ್ಟೇ.

ನನ್ನ ನಕಲು ಬೀರುವಿನಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಅಳತೆಯಲ್ಲಿ ಒಂದು ತಪ್ಪೂ ಹುಡುಕಲಾಗುವುದಿಲ್ಲ. ಯಾರ ಅಮ್ಮ ಎಂಬುದು ಮಾತ್ರ ಗೊತ್ತಿಲ್ಲ.