ವೆರೋನಿಕಾ ಪಾಯ್ಸ್ ‘ಆಗಾಗ’ ಅಂದ ಸಂಜೆ

ಹತ್ತೊಂಬತ್ತು ವರ್ಷ ಹೋಟೆಲಿನ ಕೋಣೆಗಳನ್ನು ಒಪ್ಪ ಮಾಡಿದವರ ನಾಲಿಗೆಯೂ ಅಲ್ಲಿನ ಹಾಸಿಗೆಯ ಹಾಗೆಯೇ ಆಗಿಬಿಡುತ್ತದೆ, ಹುಡುಕಿದರೂ ಒಂದು ಸುಕ್ಕು ಸಿಗುವುದಿಲ್ಲ. ಬಿಸಿನೀರು ಬರುತ್ತದೋ? ಯಾವಾಗಲೂ ಬರುತ್ತದೆ ಮೇಡಂ. ಪಕ್ಕದ ಕೋಣೆಯವರ ಗಲಾಟೆ ಉಂಟೋ? ಎಂದೂ ಇಲ್ಲ ಸಾರ್. ಕಿನ್ನಿಗೋಳಿಯ ವೆರೋನಿಕಾ ಪಾಯ್ಸ್ ದುಬೈಯಲ್ಲಿ ಕಲಿತ ದೊಡ್ಡ ವಿದ್ಯೆ ಅದು. ‘ಕೆಲವೊಮ್ಮೆ’ ಅಂದವಳ ಮೇಲೆ ಕಂಪ್ಲೇಂಟ್ ಬರುತ್ತದೆ ಅಂತ ಟ್ರೈನಿಂಗಿನ ಮೊದಲ ವಾರವೇ ತಲೆಗೆ ತುಂಬಿದ್ದರು.

ಹಾಗಿರುವಾಗ ಆ ಹೋಟೆಲು ರಿಪೇರಿಗೆಂದು ಬಾಗಿಲು ಹಾಕಿತು. ಐವತ್ತೊಂದು ವರ್ಷದ ವೆರೋನಿಕಾಳ ಕೈಗೆ ವೀಸಾ ರದ್ದಿನ ಕಾಗದ ಬಂತು. ಗಡುವಿನೊಳಗೆ ಬೇರೆ ಕೆಲಸ ಸಿಗದಿದ್ದರೆ ಖಲಾಸ್, ಊರಿನ ವಿಮಾನ ಹತ್ತಬೇಕು. ಆ ಪ್ರಾಯಕ್ಕೆ ಇನ್ನೊಂದು ಹೋಟೆಲು ಕರೆಯುವುದುಂಟೇ? ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಅಕ್ಕನ ಮಗಳು ಜಾನಿಸಳ ಫ್ಲ್ಯಾಟಿನಲ್ಲಿ ಪೆಟ್ಟಿಗೆ ಬಿಚ್ಚದೆ ಕೂತಿದ್ದಳು. ಆಗ ಹಳೆಯ ಸೂಪರ್‌ವೈಸರ್, ಟರ್ಕಿಯ ಹೆಂಗಸು, ಫೋನ್ ಮಾಡಿದಳು. ಅಬುಧಾಬಿಯಲ್ಲಿ ತನ್ನ ಗೆಳತಿ ಮೆಲ್ತೆಮ್ ಅಂತ ಇದ್ದಾಳೆ, ಅವಳ ಮುದಿ ತಾಯಿಗೆ ಜೊತೆಗೊಬ್ಬರು ಬೇಕು, ತಾಯಿಗೆ ಟರ್ಕಿಶ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ, ನಿನಗೆ ನನ್ನಿಂದ ಅರ್ಧಂಬರ್ಧ ಬಂದಿದೆಯಲ್ಲ, ಹೋಗು ಅಂದಳು. ಎರಡು ವಾರ ನೋಡುತ್ತಾರೆ, ಒಪ್ಪಿಗೆಯಾದರೆ ವೀಸಾ.

ಜಾನಿಸ್ ಅವಳ ಫೋನಿಗೊಂದು ಟರ್ಕಿಶ್ ಕಲಿಸುವ ಆ್ಯಪ್ ಹಾಕಿಕೊಟ್ಟು, ಅದರಲ್ಲಿನ ಮುಖ್ಯವಾದ ಮಾತುಗಳನ್ನು ಚೀಟಿಯಲ್ಲಿ ಏಣಿಯ ಮೆಟ್ಟಿಲ ಹಾಗೆ ಬರೆದಳು. ಮೇಲಿನಿಂದ ಕೆಳಗೆ: ‘ಹೆರ್ ಝಮಾನ್’ ಅಂದರೆ ಯಾವಾಗಲೂ, ‘ಸಿಕ್ ಸಿಕ್’ ಆಗಾಗ, ‘ಬಾಝೆನ್’ ಕೆಲವೊಮ್ಮೆ, ‘ನಾದಿರೆನ್’ ಅಪರೂಪಕ್ಕೆ, ಕಟ್ಟಕಡೆಗೆ ‘ಹಿಚ್’, ಒಮ್ಮೆಯೂ ಇಲ್ಲ. ವೆರೋನಿಕಾ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದಳು. ಆದರೆ ಹೋಟೆಲಿನಲ್ಲಿ ಪಳಗಿದ ಕಾಲು ನೋಡಿ, ಕಾಲಿಟ್ಟದ್ದು ಎರಡೇ ಮೆಟ್ಟಿಲಿಗೆ, ಮೇಲಿನದಕ್ಕೆ ಮತ್ತು ಕೆಳಗಿನದಕ್ಕೆ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಆ ವಿಲ್ಲಾದಲ್ಲಿ ಒಂದು ಪದ್ಧತಿಯಿತ್ತು. ಆಫೀಸಿನಿಂದ ಬಂದ ಮೆಲ್ತೆಮ್ ಚಹಾ ಕುಡಿಯುತ್ತ ತಾಯಿಯ ದಿನಚರಿ ಕೇಳುವಳು. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆದರೂ ಹೇಳುವುದನ್ನು ತಾಯಿಯ ಎದುರಿಗೇ, ತಾಯಿಯ ಭಾಷೆಯಲ್ಲೇ ಹೇಳಬೇಕು. ಬೆನ್ನ ಹಿಂದೆ ಆಡಿಕೊಂಡ ಹಾಗಾಗಬಾರದು ಅಂತ.

ತಾಯಿ ನೆಬಾಹತ್ ಎಪ್ಪತ್ತೆಂಟರ ಗಟ್ಟಿ ಮುದುಕಿ. ವೆರೋನಿಕಾ ಅವಳನ್ನು ‘ತೆಯ್ಜೆ’ ಅನ್ನುತ್ತಿದ್ದಳು, ನಮ್ಮ ಚಿಕ್ಕಮ್ಮನ ಹಾಗೆ. ಊಟ ಮಾಡಿದರೇ? ಹೆರ್ ಝಮಾನ್. ಮಾತ್ರೆ? ಹೆರ್ ಝಮಾನ್. ತಲೆ ಸುತ್ತಿತೇ? ಹಿಚ್. ಮೊದಲ ನಾಲ್ಕು ದಿನ ಇದು ಹೆಚ್ಚುಕಡಿಮೆ ನಿಜವೂ ಆಗಿತ್ತು.

ಐದನೆಯ ದಿನ ದ್ರಾಕ್ಷಿ ಎಲೆಯೊಳಗೆ ಅನ್ನವಿಟ್ಟು ಸುತ್ತುತ್ತಿದ್ದ ತೆಯ್ಜೆ ವಾಲಿದಳು. ವೆರೋನಿಕಾ ಹಿಡಿದುಕೊಂಡಳಾದರೂ ತೆಯ್ಜೆಯ ಮೊಣಕೈ ಅಡುಗೆಕಟ್ಟೆಗೆ ಬಡಿಯಿತು. ಸುಧಾರಿಸಿಕೊಂಡ ಮುದುಕಿ ತುಟಿಗೆ ಬೆರಳಿಟ್ಟಳು. ಗೊತ್ತಾದರೆ ಮಗಳು ಅಡುಗೆಮನೆಗೆ ಬೀಗ ಹಾಕುತ್ತಾಳೆ, ಇಲ್ಲವೇ ಟರ್ಕಿಯ ಇಜ್ಮಿರ್‌ನ ಮಗನ ಮನೆಗೆ ಕಳಿಸುತ್ತಾಳೆ, ಸೊಸೆಗೂ ತನಗೂ ಆಗುವುದಿಲ್ಲ ಅಂತ ಗೋಗರೆದಳು. ವೆರೋನಿಕಾಳೂ ಲೆಕ್ಕ ಹಾಕಿದಳು. ತೆಯ್ಜೆ ಇಜ್ಮಿರ್‌ಗೆ ಹೋದರೆ ತಾನು ಕಿನ್ನಿಗೋಳಿಗೆ. ಆ ಸಂಜೆಯೂ, ಮತ್ತೆರಡು ಸಲ ತಲೆ ಸುತ್ತಿದ ಮೇಲೂ, ಹಿಚ್ ಅಂದಳು.

ಒಂಬತ್ತನೆಯ ಸಂಜೆ ಮೆಲ್ತೆಮ್ ತಾಯಿಯ ಅಂಗಿಯ ತೋಳು ಮೇಲಕ್ಕೆ ಸರಿಸಿದಳು. ಮೊಣಕೈ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅವಳು ಸ್ವರ ಏರಿಸಲಿಲ್ಲ. “ನನ್ನ ಅಮ್ಮ ಜೀವಮಾನದಲ್ಲಿ ಯಾವುದನ್ನೂ ‘ಯಾವಾಗಲೂ’ ಮಾಡಿದವಳಲ್ಲ, ವೆರೋನಿಕಾ. ನೀನು ದಿನಾ ಹೇಳುತ್ತಿರುವುದು ಯಾರ ಅಮ್ಮನ ಕತೆ?” ನಿನ್ನನ್ನು ಇಟ್ಟುಕೊಳ್ಳುವುದೋ ಬೇಡವೋ ನಾಳೆ ಯೋಚಿಸಿ ಹೇಳುತ್ತೇನೆ ಅಂದು ಎದ್ದು ಹೋದಳು.

ವೆರೋನಿಕಾ ಜಾನಿಸಳಿಗೆ ಫೋನ್ ಹಚ್ಚಿದಳು. ನಿಜ ಹೇಳಿದರೆ ತೆಯ್ಜೆಯನ್ನು ಕಳಿಸುತ್ತಾರೆ, ಹೇಳದಿದ್ದರೆ ನನ್ನನ್ನು ಕಳಿಸುತ್ತಾರೆ, ಎಂತ ಮಾಡಲಿ ಮಾರಾಯ್ತಿ ಅಂತ ಗೋಳಾಡಿದಳು.

“ಆಂಟಿ, ಅದು ರೂಮ್ ನಂಬರ್ ಅಲ್ಲ, ಮನುಷ್ಯರು,” ಅಂದಳು ಜಾನಿಸ್. “ನಾಳೆ ಅವರು ಬಿದ್ದು ಸೊಂಟ ಮುರಿದರೆ ಆಗಲೂ ಹಿಚ್ ಅಂತೀರಾ?”

ಮರುದಿನ ಬೆಳಿಗ್ಗೆಯೇ ವೆರೋನಿಕಾ ತೆಯ್ಜೆಯ ಮುಂದೆ ಕೂತು, ಇವತ್ತು ಹೇಳಿಬಿಡುತ್ತೇನೆ ಅಂದಳು. ಮುದುಕಿ ಮುಖ ತಿರುಗಿಸಿ ಇಡೀ ದಿನ ಮಾತು ಬಿಟ್ಟಳು.

ಸಂಜೆ ಚಹಾ ಬಂತು. ವೆರೋನಿಕಾ ಏಣಿಯ ನಡುವಿನ ಮೆಟ್ಟಿಲುಗಳನ್ನು, ಆಗಾಗ, ಕೆಲವೊಮ್ಮೆ, ಅಪರೂಪಕ್ಕೆ ಅಂತ, ಒಂದೊಂದಾಗಿ ಇಳಿದಳು. “ಸಿಕ್ ಸಿಕ್ ತಲೆ ಸುತ್ತುತ್ತದೆ. ಬೆಳಗಿನ ಮಾತ್ರೆ ನುಂಗಿದ ಮೇಲೆ. ಒಮ್ಮೆ ಬೀಳುವುದರಲ್ಲಿದ್ದರು, ನಾನು ಮುಚ್ಚಿಟ್ಟೆ. ಬಾಝೆನ್ ಊಟ ಬಿಡುತ್ತಾರೆ. ಹೊರಗೆ ನಡೆಯುವುದು ನಾದಿರೆನ್. ಅಡುಗೆಗೆ ನಿಂತಾಗ ಮಾತ್ರ ಹಾಡುತ್ತಾರೆ, ಅದನ್ನು ಕಿತ್ತುಕೊಳ್ಳಬೇಡಿ.” ಕಡೆಗೆ ಸೇರಿಸಿದಳು, “ನಾನೂ ಬಾಝೆನ್ ಮಧ್ಯಾಹ್ನ ನಿದ್ದೆ ಹೋಗುತ್ತೇನೆ.”

ದಿನವಿಡೀ ಬಾಯಿ ಹೊಲಿದುಕೊಂಡಿದ್ದ ತೆಯ್ಜೆ ಥಟ್ಟನೆ ಮಗಳತ್ತ ತಿರುಗಿದಳು.

“ಬಾಝೆನ್ ಅಂತೆ! ದಿನಾ ಮಲಗುತ್ತಾಳೆ. ಗೊರಕೆ ಬೇರೆ.”

ಮೆಲ್ತೆಮ್‌ಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣು ಒರೆಸಿಕೊಂಡು, ಆ ಬೆಳಗಿನ ಮಾತ್ರೆಯ ಡಬ್ಬಿ ತಾ ಅಂದಳು.

ಡಾಕ್ಟರು ನೋಡಿದಾಗ ರಕ್ತದೊತ್ತಡದ ಆ ಮಾತ್ರೆಯೇ ಹೆಚ್ಚಾಗಿತ್ತು. ಅರ್ಧಕ್ಕೆ ಇಳಿಸಿದರು. ಆಗಾಗ ಸುತ್ತುತ್ತಿದ್ದ ತಲೆ ಅಪರೂಪಕ್ಕೆ ಸುತ್ತತೊಡಗಿತು. ಇಜ್ಮಿರ್ ಮಾತನ್ನು ಯಾರೂ ಎತ್ತಲಿಲ್ಲ. ಅಡುಗೆಕಟ್ಟೆಯ ಪಕ್ಕಕ್ಕೆ ಕೈ ಇರುವ ಎತ್ತರದ ಕುರ್ಚಿಯೊಂದು ಬಂತು. ತೆಯ್ಜೆ ಮೊದಲು ಅದನ್ನು ಬೈದಳು, ಆಮೇಲೆ ಅದರಲ್ಲಿ ಕೂತು ವೆರೋನಿಕಾಳಿಗೆ ಎಲೆ ಸುತ್ತುವುದನ್ನು ಕಲಿಸತೊಡಗಿದಳು.

ಹದಿನಾಲ್ಕನೆಯ ದಿನ ಮೆಲ್ತೆಮ್ ವೀಸಾದ ಅರ್ಜಿ ಹಿಡಿದು ಬಂದು, ಬರೆಯುವ ಮೊದಲು ತಾಯಿಯನ್ನೇ ಕೇಳಿದಳು: ಇವಳು ಇರಲೋ, ಬೇಡವೋ?

ತೆಯ್ಜೆ ಎಲೆಯ ತುದಿ ಮಡಚುತ್ತ, ಇವಳು ಸುತ್ತಿದ್ದು ಬಾಝೆನ್ ಬಿಚ್ಚಿಕೊಳ್ಳುತ್ತದೆ, ಇನ್ನೂ ಒಂದೆರಡು ವರ್ಷ ಕಲಿಯಬೇಕು ಅಂದಳು. ಮೆಲ್ತೆಮ್ ಪೆನ್ನಿನ ಮುಚ್ಚಳ ತೆಗೆದು, ಪಾಸ್‌ಪೋರ್ಟ್ ತಾ ವೆರೋನಿಕಾ ಅಂದಳು.