ಶಿಮಾನೆ ಕೆನ್, ಓಕಿ ಗುನ್, ಫುಸೆ ಮುರಾ

ಹೋದ ವಾರ ನಮ್ಮ ಕ್ಲಿನಿಕ್ಕಿಗೆ ಒಬ್ಬ ಅಜ್ಜ ಬಂದಿದ್ದರು. ಸ್ಟಾಕ್‌ಪೋರ್ಟ್‌ನಲ್ಲೇ ಹುಟ್ಟಿ, ಅಲ್ಲೇ ಬಸ್ಸು ಓಡಿಸಿ, ಅಲ್ಲೇ ಮುದುಕರಾದವರು. ನನ್ನ ಕೆಲಸ ಇಂಥವರ ನೆನಪನ್ನು ಪರೀಕ್ಷಿಸುವುದು. ಇದು ಯಾವ ವರ್ಷ, ಯಾವ ತಿಂಗಳು, ನಾವು ಯಾವ ಊರಿನಲ್ಲಿದ್ದೇವೆ ಎಂದು ಒಂದೊಂದೇ ಕೇಳಿಕೊಂಡು ಹೋಗಬೇಕು. ‘ಯಾವ ಕೌಂಟಿ?’, ಅಂದರೆ ಇಲ್ಲಿನ ಜಿಲ್ಲೆ ಯಾವುದು, ಎಂದಾಗ ಅಜ್ಜ ಕುರ್ಚಿಯಲ್ಲಿ ನೆಟ್ಟಗೆ ಕೂತು ‘ಚೆಷೈರ್’ ಅಂದರು. ಸ್ಟಾಕ್‌ಪೋರ್ಟ್ ಚೆಷೈರಿನಿಂದ ಗ್ರೇಟರ್ ಮ್ಯಾಂಚೆಸ್ಟರಿಗೆ ಸೇರಿ ಅರ್ಧ ಶತಮಾನವೇ ಆಯಿತು. ಪಕ್ಕದಲ್ಲಿದ್ದ ಹೆಂಡತಿ ನನ್ನ ಮುಖ ನೋಡಿದರು. ನಾನು ಸರಿ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಅಷ್ಟು ಹೊತ್ತಿಗೆ ನನ್ನ ಮನಸ್ಸು ಕ್ಲಿನಿಕ್ಕು ಬಿಟ್ಟು ಹರುಕೋ ಸಾನ್ ಅವರ ಅಡುಗೆಮನೆಗೆ ಹೋಗಿಯಾಗಿತ್ತು.

ಹರುಕೋ ಸಾನ್ ಅಂದರೆ ಇಂಗ್ಲೆಂಡಿನಲ್ಲಿ ನನ್ನ ಮೊದಲ ಮನೆಯೊಡತಿ. ಜಪಾನಿನವರು. ‘ಸಾನ್’ ಅಂದರೆ ನಮ್ಮ ‘ಅವರು’ ಇದ್ದ ಹಾಗೆ. ಹಡಗಿನ ಎಂಜಿನಿಯರ್ ಒಬ್ಬರನ್ನು ಕೋಬೆ ಬಂದರಿನಲ್ಲಿ ಕಂಡು, ಮದುವೆಯಾಗಿ, ಇಲ್ಲಿಗೆ ಬಂದವರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಡುತ್ತಿದ್ದರು. ನಾನು ಮೂವತ್ತು ದಾಟಿದ, ಒಂದು ಮುರಿದ ಮದುವೆಯನ್ನೂ ಒಂದು ಪ್ರೆಶರ್ ಕುಕ್ಕರನ್ನೂ ಹಿಂದೆ ಬಿಟ್ಟು ಬಂದ ಲೇಡಿ ಡಾಕ್ಟರು. ನಿಜ ಹೇಳಬೇಕೆಂದರೆ ಆ ಮೊದಲ ಚಳಿಗಾಲದಲ್ಲಿ ಕುಕ್ಕರನ್ನೇ ಹೆಚ್ಚು ನೆನೆಸಿಕೊಂಡಿದ್ದೆ.

ಆ ಮನೆ ಗುಡ್ಡದ ಮೇಲೆ ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲಿನಲ್ಲಿತ್ತು. ನನ್ನ ಕಿಟಕಿಯಿಂದ ಇಟ್ಟಿಗೆಯ ದೊಡ್ಡ ರೈಲು ಸೇತುವೆ ಕಾಣುತ್ತಿತ್ತು. ಸಂಜೆಯಾದರೆ ಮ್ಯಾಂಚೆಸ್ಟರಿನ ಪಿಕಡಿಲಿ ನಿಲ್ದಾಣದಿಂದ ಬರುವ ರೈಲುಗಳ ದೀಪದ ಕಿಟಕಿಗಳು ಅದರ ಮೇಲೆ ಸಾಲಾಗಿ ಹೋಗುತ್ತಿದ್ದವು. ಅಷ್ಟೊಂದು ಜನ ಮನೆಗೆ ಹೋಗುವುದನ್ನು ನೋಡುತ್ತಾ ನಾನು ಟೋಸ್ಟ್ ತಿನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ದಿನವಿಡೀ ಮಾತಾಡುತ್ತಿದ್ದೆ, ಆದರೆ ಅದೆಲ್ಲ ಬೇರೆಯವರ ಮೈಕೈ ನೋವಿನ ಮಾತು. ವಾರಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಎನ್ನುತ್ತಿದ್ದೆ. ಅಮ್ಮನೂ ಹಾಗೇ ಎನ್ನುತ್ತಿದ್ದಳು.

ಕೆಳಗೆ ಹರುಕೋ ಸಾನ್ ಒಣಮೀನಿನ ಸಾರು ಮಾಡಿದರೆ ನಾನು ಮೇಲೆ ಕಿಟಕಿ ತೆಗೆಯುತ್ತಿದ್ದೆ. ನಾನು ಭಾನುವಾರ ಜೋಳದ ರೊಟ್ಟಿ ಬಡಿದರೆ ಅವರು ಬಂದು ‘ಡಾಕ್ಟರ್, ಯಾರ ಮೇಲೆ ಸಿಟ್ಟು?’ ಎಂದು ಕೇಳುತ್ತಿದ್ದರು. ಆದರೆ ನನಗೆ ಮೀನು ಆಗುವುದಿಲ್ಲವೆಂದು ತಿಳಿದ ದಿನದಿಂದ ಸಮುದ್ರದ ಪಾಚಿ, ಅಣಬೆ ಹಾಕಿ ಬೇರೆಯೇ ಪಾತ್ರೆಯಲ್ಲಿ ಸಾರು ಮಾಡಿಡತೊಡಗಿದರು. ಅದು ಮೀನಿಲ್ಲದ ಸಮುದ್ರದ ರುಚಿ. ಒಂದೆರಡು ತಿಂಗಳಲ್ಲಿ ನನಗೆ ಅಭ್ಯಾಸವಾಗಿ, ಆಮೇಲೆ ಚಟವಾಯಿತು.

ಅಂಥ ಒಂದು ಭಾನುವಾರ ಸಾರು ಕುಡಿಯುವಾಗ ಅವರು ನನ್ನ ಊರು ಯಾವುದೆಂದು ಕೇಳಿದರು. ‘ಬೆಂಗಳೂರು’ ಎಂದೆ.

‘ಅಲ್ಲೇ ಹುಟ್ಟಿದ್ದಾ?’

‘ಇಲ್ಲ.’

‘ಮತ್ತೆ?’

ಈ ‘ಮತ್ತೆ’ ಎಂಬ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ನನ್ನನ್ನು ಯಾರೂ ಕೇಳಿರಲಿಲ್ಲ. ನಮ್ಮ ಕನ್ನಡದವರೂ ಕೇಳುತ್ತಿರಲಿಲ್ಲ. ಕೂಟಗಳಲ್ಲಿ ಸೇರಿದಾಗ ಧಾರವಾಡದವರು, ಕುಂದಾಪುರದವರು, ನಾನು, ಎಲ್ಲರೂ ಬೆಂಗಳೂರಿನ ಕನ್ನಡಕ್ಕೆ ಬಂದು ನಿಲ್ಲುತ್ತಿದ್ದೆವು. ಊರಿನ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು. ಹರಪನಹಳ್ಳಿ ತಾಲ್ಲೂಕು, ಚಿಗಟೇರಿ ಎಂದು ಹರುಕೋ ಸಾನ್‌ಗೆ ಹೇಳಿದೆ. ‘ನಾನು ಹುಟ್ಟಿದಾಗ ಬಳ್ಳಾರಿ ಜಿಲ್ಲೆ. ಆಮೇಲೆ ದಾವಣಗೆರೆ ಜಿಲ್ಲೆ. ನಮ್ಮ ಮನೆ ಮಾತ್ರ ಇದ್ದಲ್ಲೇ ಇದೆ.’

ಇದನ್ನು ಕೇಳಿ ಅವರು ಚಮಚ ಕೆಳಗಿಟ್ಟರು. ಎದ್ದು ಹೋಗಿ ಒಂದು ಸೌತೆಕಾಯಿ ತಂದು ಮೇಜಿನ ಮೇಲೆ ಓರೆಯಾಗಿ ಇಟ್ಟರು.

‘ಇದು ಶಿಮಾನೆ. ನಮ್ಮ ಕೆನ್.’

ಕೆನ್ ಅಂದರೆ ನಮ್ಮ ಜಿಲ್ಲೆಗಿಂತ ದೊಡ್ಡದು, ರಾಜ್ಯಕ್ಕಿಂತ ಚಿಕ್ಕದು. ಅದಕ್ಕೊಬ್ಬ ಗವರ್ನರ್, ಅವನನ್ನು ಜನರೇ ಆರಿಸುತ್ತಾರೆ. ಅವರ ಗಂಡನ ಹೆಸರೂ ಕೆನ್. ‘ಒಂದು ಕೆನ್ ಬಿಟ್ಟು ಇನ್ನೊಂದು ಕೆನ್ ಹಿಡಿದೆ’ ಎಂದು ನಕ್ಕರು. ಈ ಮಾತನ್ನು ಅವರು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿದ್ದರೆಂದು ತೋರುತ್ತದೆ. ಆದರೆ ಕೇಳಿಸಿಕೊಂಡ ಇಂಗ್ಲಿಷರಿಗೆ ಅರ್ಥವಾಗಿರಲಿಕ್ಕಿಲ್ಲ.

ಸೌತೆಕಾಯಿಯ ಒಂದು ಬದಿ ಬೆಟ್ಟ, ಇನ್ನೊಂದು ಬದಿ ಸಮುದ್ರ. ಪೂರ್ವದ ತುದಿ ಇಜುಮೋ. ಅಲ್ಲೇ ದೊಡ್ಡ ಸರೋವರದ ದಡದಲ್ಲಿ ರಾಜಧಾನಿ ಮತ್ಸುಎ. ಪಶ್ಚಿಮದ ತುದಿ ಇವಾಮಿ. ಈ ತುದಿಯವರ ಮಾತಿಗೆ ಆ ತುದಿಯವರು ನಗುತ್ತಾರಂತೆ. ನಾನು ನಮ್ಮ ಮೈಸೂರು, ಧಾರವಾಡದ ಕಥೆ ಹೇಳಿದೆ. ‘ಎಲ್ಲ ಕಡೆ ಅಷ್ಟೇ’ ಎಂದು ಒಂದು ದ್ರಾಕ್ಷಿ, ಮೂರು ಬಟಾಣಿ ತೆಗೆದುಕೊಂಡು ಸೌತೆಕಾಯಿಯಿಂದ ದೂರ, ಮೇಜಿನ ಅಂಚಿನ ಹತ್ತಿರ ಇಟ್ಟರು. ಅದು ಓಕಿ ದ್ವೀಪಗಳು. ದ್ರಾಕ್ಷಿಯ ಈಶಾನ್ಯದ ಅಂಚಿನಲ್ಲಿ, ಸೀಡರ್ ಕಾಡು ಮತ್ತು ಬಂಡೆಗಳ ನಡುವೆ, ಫುಸೆ ಎಂಬ ಹಳ್ಳಿ. ಹಳ್ಳಿಗೆ ಅವರಲ್ಲಿ ‘ಮುರಾ’ ಎನ್ನುತ್ತಾರೆ. ಅವರು ಹುಟ್ಟಿದ್ದು ಅಲ್ಲಿ.

‘ಈಗ ಫುಸೆ ಮುರಾ ಇಲ್ಲ’ ಅಂದರು.

ನಾನು ಭೂಕಂಪವೋ ಸುನಾಮಿಯೋ ಎಂದುಕೊಂಡೆ. ಅದೇನೂ ಅಲ್ಲ. ಜನ ಕಡಿಮೆಯಾದರೆಂದು ಸರ್ಕಾರ ದೇಶದ ತುಂಬ ಹಳ್ಳಿಗಳನ್ನು ಒಂದಕ್ಕೊಂದು ಸೇರಿಸಿತಂತೆ. ಆ ದ್ರಾಕ್ಷಿಯ ಮೇಲಿದ್ದ ಒಂದು ಪಟ್ಟಣ, ಮೂರು ಹಳ್ಳಿ ಕೂಡಿ ಓಕಿನೋಶಿಮಾ ಎಂಬ ಒಂದೇ ಪಟ್ಟಣವಾಯಿತು. ಫುಸೆಯಲ್ಲೇ ಉಳಿದಿದ್ದ ತಂಗಿ ಸಚಿಕೊ ಫೋನಿನಲ್ಲಿ ಹೇಳಿದ್ದಳು. ಹಳ್ಳಿ ಕಚೇರಿಯ ಬೋರ್ಡು ಇಳಿಸಿದರು, ಈಗ ಅದು ಶಾಖಾ ಕಚೇರಿ ಎಂದು.

‘ಮನೆ ಇದೆ. ಸಮುದ್ರ ಇದೆ. ಸಚಿಕೊ ಇದ್ದಾಳೆ. ಮುರಾ ಮಾತ್ರ ಹೋಯಿತು’ ಎಂದು ದ್ರಾಕ್ಷಿಯನ್ನು ಬೆರಳಿನಿಂದ ತಿರುಗಿಸಿದರು. ಆಮೇಲೆ ಬಟಾಣಿಯೊಂದನ್ನು ತೋರಿಸಿ, ‘ಇಡೀ ಕೆನ್‌ನಲ್ಲಿ ಈಗ ಒಂದೇ ಮುರಾ ಉಳಿದಿದೆ. ಚಿಬು, ಈ ದ್ವೀಪದಲ್ಲಿ. ಅವರು ಸೇರುವುದಿಲ್ಲ ಅಂದರು. ಮೊದಲಿನಿಂದಲೂ ಹಟಮಾರಿಗಳು’ ಎಂದರು. ಆ ದನಿಯಲ್ಲಿ ದೂರಿಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

ಮುರಾಕ್ಕೂ ಕೆನ್‌ಗೂ ನಡುವೆ ‘ಗುನ್’ ಎಂದು ಒಂದಿದೆ. ಅವರದು ಓಕಿ ಗುನ್. ನಾನು ತಾಲ್ಲೂಕಿನ ಹಾಗೆ ಎಂದುಕೊಂಡು ಅದರ ಕಚೇರಿ ಎಲ್ಲಿ ಎಂದು ಕೇಳಿದೆ. ಕಚೇರಿಯೇ ಇಲ್ಲವಂತೆ. ಅಧಿಕಾರಿಯೂ ಇಲ್ಲ. ಹಿಂದೆ ಇತ್ತು, ಯಾವಾಗಲೋ ತೆಗೆದರು, ಹೆಸರು ಮಾತ್ರ ವಿಳಾಸದಲ್ಲಿ ಉಳಿಯಿತು. ನಮ್ಮಲ್ಲಿ ಹೋಬಳಿಗಾದರೂ ಒಂದು ನಾಡಕಚೇರಿ ಇರುತ್ತದೆ ಎಂದು ನಾನು ಸ್ವಲ್ಪ ಬೀಗಿದೆ. ‘ಹಾಗಾದರೆ ಸುಮ್ಮನೆ ಯಾಕೆ ಬರೆಯುತ್ತೀರಿ?’ ಎಂದೆ.

‘ಬರೆಯದಿದ್ದರೆ ಬರಿದಾಗಿ ಕಾಣುತ್ತದೆ’ ಅಂದರು.

ಆಮೇಲೆ ಎಷ್ಟೋ ಭಾನುವಾರ ಹೀಗೇ ಕಳೆದವು. ಅವರು ಶಿಮಾನೆಯ ಬಗ್ಗೆ, ನಾನು ಹರಪನಹಳ್ಳಿಯ ಬಗ್ಗೆ. ಚಳಿಗಾಲದಲ್ಲಿ ಅಲೆ ಎದ್ದರೆ ದೋಣಿ ನಿಂತು ಓಕಿಗೆ ಹಾಲು, ಪತ್ರಿಕೆ ಬರುತ್ತಿರಲಿಲ್ಲ ಎಂದು ಅವರು ಹೇಳಿದರೆ, ಬೇಸಿಗೆಯಲ್ಲಿ ನಮ್ಮೂರಿಗೆ ನೀರೇ ಬರುತ್ತಿರಲಿಲ್ಲ ಎಂದು ನಾನು ಹೇಳುತ್ತಿದ್ದೆ. ಹೊರಗಿನಿಂದ ನೋಡಿದವರಿಗೆ ಇಬ್ಬರು ಹೆಂಗಸರು ಭೂಗೋಳದ ಪಾಠ ಒಪ್ಪಿಸುತ್ತಿದ್ದಾರೆ ಅನ್ನಿಸುತ್ತಿತ್ತೇನೋ. ಮದುವೆ ಯಾಕೆ ಮುರಿಯಿತು ಎಂದು ಅವರು ಒಮ್ಮೆಯೂ ಕೇಳಲಿಲ್ಲ. ಗಂಡ ಹೋದ ಮೇಲೆ ಯಾಕೆ ಊರಿಗೆ ವಾಪಸ್ಸು ಹೋಗಲಿಲ್ಲ ಎಂದು ನಾನೂ ಕೇಳಲಿಲ್ಲ.

ಮೂರನೆಯ ವರ್ಷದ ಚಳಿಗಾಲದ ಒಂದು ಬೆಳಿಗ್ಗೆ ಕೆಳಗೆ ಕೆಟಲ್ ಕೂಗುತ್ತಲೇ ಇತ್ತು. ಇಳಿದು ಬಂದು ನೋಡಿದರೆ ಹರುಕೋ ಸಾನ್ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಬಲಗೈ ಮಡಿಲಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ನನ್ನನ್ನು ನೋಡಿ ಏನೋ ಹೇಳಿದರು, ಜಪಾನಿಯಲ್ಲಿ. ಪಾರ್ಶ್ವವಾಯು. ಆಂಬುಲೆನ್ಸಿಗೆ ಫೋನ್ ಮಾಡಿ, ಅವರನ್ನು ಎದೆಗೆ ಒರಗಿಸಿಕೊಂಡು ಕೂತೆ. ಡಾಕ್ಟರಾಗಿ ಮಾಡಬೇಕಾದದ್ದನ್ನೆಲ್ಲ ಮಾಡಿದೆ. ಆಮೇಲೂ ಅವರನ್ನು ಬಿಡಲು ಮನಸ್ಸಾಗಲಿಲ್ಲ.

ಜೀವ ಉಳಿಯಿತು. ಇಂಗ್ಲಿಷ್ ಉಳಿಯಲಿಲ್ಲ. ನಲವತ್ತು ವರ್ಷ ಅಂಗಡಿಯಲ್ಲಿ, ಚರ್ಚಿನಲ್ಲಿ, ಗಂಡನ ಜೊತೆ ಆಡಿದ ಭಾಷೆ ಅಡಿಪಾಯವಿಲ್ಲದ ಗೋಡೆಯ ಹಾಗೆ ಬಿದ್ದುಹೋಗಿತ್ತು. ಆಸ್ಪತ್ರೆಯವರು ಫೋನಿನಲ್ಲಿ ದುಭಾಷಿಯನ್ನು ಕರೆಸಿದರು. ಆಕೆ ಸ್ವಲ್ಪ ಹೊತ್ತು ಕೇಳಿ, ‘ಇದು ಯಾವುದೋ ದೂರದ ಊರಿನ ಮಾತು, ನನಗೆ ಅರ್ಧ ಅರ್ಥವಾಗುತ್ತಿಲ್ಲ’ ಎಂದು ಸಂಕೋಚದಿಂದ ಹೇಳಿದಳು.

ಒಂದು ಮಧ್ಯಾಹ್ನ ನಾನು ಹೋದಾಗ ಕಿರಿಯ ಡಾಕ್ಟರೊಬ್ಬ ಹಾಸಿಗೆಯ ಪಕ್ಕ ಬಗ್ಗಿ, ಸೌಮ್ಯವಾಗಿ, ‘ನೀವು ಈಗ ಎಲ್ಲಿದ್ದೀರಿ, ಹೇಳುತ್ತೀರಾ?’ ಎಂದು ಕೇಳುತ್ತಿದ್ದ. ಹರುಕೋ ಸಾನ್ ನಿಧಾನವಾಗಿ, ಶಾಲೆಯಲ್ಲಿ ಎದ್ದು ನಿಂತ ಹುಡುಗಿಯ ಹಾಗೆ ಹೇಳಿದರು.

‘ಶಿಮಾನೆ ಕೆನ್. ಓಕಿ ಗುನ್. ಫುಸೆ ಮುರಾ.’

ಅವನು ನನ್ನ ಕಡೆ ತಿರುಗಿ, ‘ಮಾತು ಅಸಂಬದ್ಧವಾಗಿದೆ’ ಅಂದ.

‘ಇಲ್ಲ, ಅದು ಅವರ ವಿಳಾಸ’ ಅಂದೆ.

‘ಯಾವ ಊರು ಅದು?’

‘ಈಗ ಆ ಊರಿಲ್ಲ’ ಎಂದೆ. ಅವನು ನನ್ನನ್ನೂ ಒಮ್ಮೆ ಪರೀಕ್ಷಿಸುವುದು ಒಳ್ಳೆಯದು ಎನ್ನುವ ಹಾಗೆ ನೋಡಿದ.

ಅಂದು ಅವನು ಹೋದ ಮೇಲೆ ಹಾಸಿಗೆಯ ಪಕ್ಕ ಕೂತೆ. ನನಗೆ ಬರುವ ಜಪಾನಿ ಶಬ್ದಗಳೆಂದರೆ ಸಾರಿನ ಹೆಸರು, ಮತ್ತು ಆ ಸೌತೆಕಾಯಿಯ ಪಾಠ. ಅವರ ಎಡಗೈ ಹಿಡಿದುಕೊಂಡು, ‘ಕೆನ್?’ ಎಂದೆ.

‘ಶಿಮಾನೆ’ ಅಂದರು.

‘ಗುನ್?’

‘ಓಕಿ.’

‘ಮುರಾ?’

‘ಫುಸೆ.’ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಕಣ್ಣು ಮುಚ್ಚಿ, ಮದುವೆಗೆ ಮೊದಲಿನ ಮನೆತನದ ಹೆಸರು ಹೇಳಿ, ಆಮೇಲೆ ‘ಹರುಕೋ’ ಎಂದರು. ಅವರಲ್ಲಿ ವಿಳಾಸ ಬರೆಯುವುದೇ ಹಾಗೆ. ಕೆನ್ ಮೊದಲು, ಮನುಷ್ಯರು ಕೊನೆಗೆ. ಆ ದಿನ ಅವರ ಮುಖ ನೋಡಿದ ಮೇಲೆ ನನಗೆ ಅದೇ ಸರಿ ಅನ್ನಿಸಿತು. ಸಮುದ್ರ ದಾಟಿ, ಬಂದರಿನಲ್ಲಿ ಇಳಿದು, ಕಾಡಿನ ದಾರಿ ಹಿಡಿದು, ತನ್ನ ಮನೆಯ ಬಾಗಿಲಿಗೆ ಬಂದು ನಿಂತವರ ಮುಖ ಅದು.

ಇದೇ ನಮ್ಮ ಮಾತಾಯಿತು. ದಿನವೂ ಹೋಗಿ ಅದನ್ನೇ ಕೇಳುತ್ತಿದ್ದೆ, ಅವರು ಅದನ್ನೇ ಹೇಳುತ್ತಿದ್ದರು. ಒಂದು ದಿನ ‘ಹರುಕೋ’ ಎಂದು ಮುಗಿಸಿದವರು ಕಣ್ಣು ತೆರೆದು ನನ್ನನ್ನೇ ನೋಡಿದರು.

‘ಕೆನ್?’ ಅಂದರು.

ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ‘ದಾವಣಗೆರೆ’ ಅಂದೆ.

‘ಗುನ್?’

‘ಹರಪನಹಳ್ಳಿ.’

‘ಮುರಾ?’

‘ಚಿಗಟೇರಿ.’ ಅವರು ಕಾಯುತ್ತಿದ್ದರು. ನನ್ನ ಹೆಸರನ್ನು ಹೇಳಿದೆ, ಆಸ್ಪತ್ರೆಯವರು ಉಚ್ಚರಿಸುವ ಹಾಗಲ್ಲ, ಅಮ್ಮ ಹಿತ್ತಿಲಿನಿಂದ ಕೂಗುವ ಹಾಗೆ. ಅವರು ತಲೆಯಾಡಿಸಿ ಸಮಾಧಾನದಿಂದ ಮಲಗಿದರು.

ಸಚಿಕೊಗೆ ಫೋನ್ ಹಚ್ಚಿ ಅವರ ಕಿವಿಗೆ ಹಿಡಿಯುತ್ತಿದ್ದೆ. ಆ ಕಡೆಯಿಂದ ತಂಗಿ ಒಂದೇ ಸಮನೆ ಮಾತಾಡುತ್ತಿದ್ದಳು, ನಡುವೆ ಅಳುತ್ತಿದ್ದಳು. ಈ ಕಡೆ ಅಕ್ಕ ಕೇಳಿ ನಗುತ್ತಿದ್ದರು. ನಾನು ಇಬ್ಬರ ನಡುವೆ ಫೋನು ಹಿಡಿದ ಕೈ. ಏನು ಮಾತಾಡಿದರೋ ನನಗೆ ಇವತ್ತಿಗೂ ತಿಳಿಯದು. ಬೇಸಿಗೆ ಬರುವ ಮೊದಲೇ ಇನ್ನೊಂದು ಸಲ ಪಾರ್ಶ್ವವಾಯು ಬಡಿದು ಹರುಕೋ ಸಾನ್ ಹೋದರು.

ಬೂದಿಯ ಅರ್ಧ ಭಾಗ ಗಂಡನ ಸಮಾಧಿಯ ಪಕ್ಕ ಸೇರಿತು. ಇನ್ನರ್ಧಕ್ಕೆ ಸಚಿಕೊಳ ಮಗ ಒಸಾಕಾದಿಂದ ಬಂದ. ಕಪ್ಪು ಸೂಟಿನ, ಮಾತು ಕಡಿಮೆಯ ಮನುಷ್ಯ. ಖಾಲಿ ನಡುಮನೆಯಲ್ಲಿ ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ‘ಇದನ್ನು ಓಕಿನೋಶಿಮಾ ಪಟ್ಟಣಕ್ಕೆ ಒಯ್ಯುತ್ತೇನೆ’ ಎಂದು ನಿಧಾನದ ಇಂಗ್ಲಿಷಿನಲ್ಲಿ ಹೇಳಿದ.

‘ಫುಸೆ ಮುರಾ’ ಎಂದು ನನ್ನ ಬಾಯಿಂದ ಬಂತು.

ಅವನು ನನ್ನನ್ನು ನೋಡಿದ. ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು, ಎದ್ದು ನಿಂತು, ನನಗೆ ಮುಜುಗರವಾಗುವಷ್ಟು ಹೊತ್ತು ತಲೆಬಾಗಿದ.

ಆಮೇಲೆ ನಾನು ಬೇರೆ ಮನೆ ಹಿಡಿದೆ, ಸಾಲ ಮಾಡಿ ಕೊಂಡೆ. ಒಬ್ಬಳಿಗೆ ಸಾಕಾಗಿ ಉಳಿಯುವ ಮನೆ. ನಮ್ಮ ತಾಲ್ಲೂಕು ಮತ್ತೆ ಬಳ್ಳಾರಿಗೆ ಹೋಯಿತು. ಅಲ್ಲಿ ನೆಲೆ ನಿಲ್ಲುವಷ್ಟರಲ್ಲಿ ಹೊಸದಾಗಿ ಹುಟ್ಟಿದ ವಿಜಯನಗರ ಜಿಲ್ಲೆಗೆ ಸೇರಿತು. ಪ್ರತಿ ಸಲ ಅಣ್ಣ ಫೋನಿನಲ್ಲಿ ಸುದ್ದಿ ಹೇಳಿದಾಗಲೂ ಇದನ್ನು ಕೇಳಿ ನಗಬಲ್ಲ ಒಬ್ಬರೇ ಒಬ್ಬರು ಈಗ ಇಲ್ಲವಲ್ಲ ಅನ್ನಿಸುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವವರಿಗೆ ಹೇಳಿದರೆ ‘ಓ, ಇಂಟರೆಸ್ಟಿಂಗ್’ ಎಂದು ಟೀಗೆ ಹಾಲು ಬೆರೆಸುತ್ತಾರೆ. ತಪ್ಪು ಅವರದಲ್ಲ.

ಕ್ಲಿನಿಕ್ಕಿಗೆ ಆ ಅಜ್ಜ ಬಂದು ಹೋದ ವಾರವೇ ಶನಿವಾರ ಮ್ಯಾಂಚೆಸ್ಟರಿನಲ್ಲಿ ನಮ್ಮವರ ಕೂಟವಿತ್ತು. ನಾನು ಹೋಗುವುದು ಅಪರೂಪ. ಹೋದರೂ ಊಟ ಮಾಡಿ, ಮಾರ್ಟ್‌ಗೇಜಿನ ಮಾತು ಶುರುವಾಗುವ ಮೊದಲೇ ಹೊರಡುತ್ತೇನೆ. ಶಾಲೆಯೊಂದರ ಸಭಾಂಗಣ, ಬಿಸಿಬೇಳೆಬಾತ್, ಇಂಗ್ಲಿಷಿನಲ್ಲಿ ಕೂಗುತ್ತ ಓಡಾಡುವ ಮಕ್ಕಳು. ಗೋಡೆಯ ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದು ಒಬ್ಬಳೇ ಕೂತಿದ್ದಳು. ಕೊವೆಂಟ್ರಿಯಲ್ಲಿ ಎಂಜಿನಿಯರಿಂಗ್ ಓದಲು ಬಂದವಳಂತೆ. ಯಾರಾದರೂ ನೋಡಿದರೆ ನಗುತ್ತಿದ್ದಳು, ಅವರು ದಾಟಿ ಹೋದ ಮೇಲೆ ತಟ್ಟೆ ನೋಡುತ್ತಿದ್ದಳು. ಕೋಟು ಹಾಕಿಕೊಂಡು ಬಾಗಿಲವರೆಗೆ ಹೋದವಳು ವಾಪಸ್ಸು ಬಂದು ಅವಳ ಪಕ್ಕ ಕೂತೆ.

‘ಯಾವ ಊರಮ್ಮ?’

‘ಬೆಂಗಳೂರು, ಆಂಟಿ.’

ನಾನು ಅವಳ ಕಡೆ ತಿರುಗಿದೆ. ಅವಳು ಚಮಚದಿಂದ ಅನ್ನವನ್ನು ಈ ಕಡೆಯಿಂದ ಆ ಕಡೆಗೆ ತಳ್ಳಿದಳು.

‘ಅಂದ್ರೆ, ಓದಿದ್ದು ಬೆಂಗಳೂರಲ್ಲಿ. ಊರು ಸಿಂಧನೂರು ಹತ್ರ.’

‘ಹತ್ರ ಅಂದ್ರ ಯಾವೂರವ್ವಾ?’ ಎಂದೆ. ಎಷ್ಟೋ ವರ್ಷದಿಂದ ಈ ದೇಶದಲ್ಲಿ ನಾನು ಯಾರೊಡನೆಯೂ ಆಡದ ಕನ್ನಡ ಅದು. ಅವಳು ತಟ್ಟನೆ ತಲೆಯೆತ್ತಿದಳು.

‘ಜವಳಗೇರಾ ರೀ. ನಿಮಗ ಗೊತ್ತಿರಂಗಿಲ್ಲ.’

‘ಗೊತ್ತಿಲ್ಲ. ಹೇಳು.’

ಅವಳು ತಟ್ಟೆಯನ್ನು ನೆಲದ ಮೇಲಿಟ್ಟು, ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡಳು. ಮೊದಲು ಕಾಲುವೆ ಎಲ್ಲಿಂದ ಬರುತ್ತದೆ ಎಂದು ಹೇಳತೊಡಗಿದಳು. ನಾನು ಕೋಟು ಬಿಚ್ಚಿದೆ.