ಗಂಟು ಬಿಚ್ಚುವ ಹೊತ್ತು

ಆಗಷ್ಟೇ ಮದುವೆಯಾಗಿ ಉಡುಪಿಯಿಂದ ಮಹಾನಗರದ ಸಯನ್ ಬಡಾವಣೆಗೆ ಬಂದಿದ್ದೆ. ಎದುರುಮನೆಯ ಅಕ್ಕನೂ ನಮ್ಮೂರ ಕಡೆಯವರೇ. ಅವರಿಗೆ ಮನೆಯಲ್ಲಿ ಜೊತೆಯೆಂದರೆ ಒಂದು ಕಂದು ನಾಯಿ. ಟೆಲಿಫೋನ್ ಎಕ್ಸ್‌ಚೇಂಜಿನ ಡ್ಯೂಟಿಗೆ ಹೊರಡುವ ಮುನ್ನ ಹಳೆಯ ಸೀರೆಯ ತುಂಡಿನಲ್ಲಿ ಚಪಾತಿ ಚೂರಿಟ್ಟು, ಗಂಟಿನ ಮೇಲೆ ಗಂಟು ಹಾಕಿ, ಬಾಲ್ಕನಿಯಲ್ಲಿ ಅದರ ಮುಂದಿಡುತ್ತಿದ್ದರು.

“ಅದಕ್ಕೂ ಹೊತ್ತು ಹೋಗ್ಬೇಕಲ್ಲ ಮಾರಾಯ್ತಿ” ಎನ್ನುತ್ತಿದ್ದರು.

ನಾಯಿ ಮಧ್ಯಾಹ್ನದವರೆಗೂ ಆ ಗಂಟಿನೊಡನೆ ಗುದ್ದಾಡುತ್ತಿತ್ತು. ನಾನು ಕಿಟಕಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಗಂಡ ಬರುವುದು ಕತ್ತಲಾದ ಮೇಲೆ. ನನಗೆ ಬೇರೆ ಕೆಲಸವಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಎರಡು ಗಂಟು ಕಟ್ಟಿದರು. ಒಂದನ್ನು ನನ್ನ ಕೈಗಿಟ್ಟು, “ಇದು ನಿಂಗೆ. ಕಚ್ಬೇಡ, ಕೈಯಲ್ಲೇ ಬಿಚ್ಚು” ಎಂದು ನಕ್ಕು ಬಸ್ಸಿಗೆ ಓಡಿದರು. ಒಳಗಿದ್ದದ್ದು ಊರಿನ ಸಾಂತಾಣಿ, ಬೇಯಿಸಿ ಉಪ್ಪು ಹಾಕಿ ಒಣಗಿಸಿದ ಹಲಸಿನ ಬೀಜ. ಒಂದೊಂದನ್ನೇ ಬಾಯಲ್ಲಿಟ್ಟು ಮೆತ್ತಗಾಗಲು ಕಾದೆ. ಅಷ್ಟರಲ್ಲಿ ಬಿಸಿಲು ಕಿಟಕಿ ದಾಟಿತ್ತು.

ನಾವು ನಗರದ ಇನ್ನೊಂದು ತುದಿಯ ಮುಲುಂಡಿಗೆ ಮನೆ ಬದಲಿಸಿದ ದಿನವೂ ಅಕ್ಕ ಒಂದು ಗಂಟು ಕೊಟ್ಟರು. “ಬೇಜಾರಾದಾಗ ಬಿಚ್ಚು, ಆಯ್ತಾ?”

ಬೇಜಾರು ಎಷ್ಟೋ ಸಲ ಬಂದು ಹೋಗಿದೆ. ಗಂಟು ಕಪಾಟಿನಲ್ಲಿ ಹಾಗೇ ಇದೆ. ಅಕ್ಕ ಕೈಯಾರೆ ಕಟ್ಟಿದ್ದು ನನ್ನ ಬಳಿ ಉಳಿದಿರುವುದು ಅದೊಂದೇ.